ಹದಿನಾರು ಸೀತೂರು: ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದ ಕಥೆ

ಭಾಗ 1. ಒಂದು ಸಣ್ಣ ಲೆಕ್ಕ

ಸೀತೂರು ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೀರಿ ನೋಡೋಣ. ‘ಸೀ’ಗೆ ಎಸ್ ಆದಮೇಲೆ ಒಂದು ಐ ಹಾಕಬಹುದು, ಇಲ್ಲಾ ಎರಡು ಇ. ‘ತ’ಗೆ ಬರೀ ಟಿ, ಇಲ್ಲಾ ಟಿ ಜೊತೆ ಎಚ್. ದೀರ್ಘ ಊಕಾರಕ್ಕೆ ಒಂದು ಯು, ಇಲ್ಲಾ ಎರಡು ಓ. ಕೊನೆಯ ‘ರು’ಗೆ ಆರ್‌ಗೇ ನಿಲ್ಲಿಸಬಹುದು, ಯು ಸೇರಿಸಲೂಬಹುದು. ನಾಲ್ಕು ಕಡೆ ಎರಡೆರಡು ದಾರಿ. ಗುಣಿಸಿದರೆ 16. ಊರು ಒಂದೇ, ಸ್ಪೆಲಿಂಗ್ ಹದಿನಾರು ಮಾರಾಯ್ರೆ!

ಅಕ್ಕಪಕ್ಕದ ಊರುಗಳೂ ಕಮ್ಮಿ ಇಲ್ಲ. ಶೃಂಗೇರಿಯ ‘ಶೃ’ಗೆ ಎಸ್ ಸಾಕೋ, ಎಚ್ ಬೇಕೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಕೊಪ್ಪದಲ್ಲಿ ಒಂದು ಪಿ ಬಿಟ್ಟುಹೋದರೆ ಅದು ‘ಕೋಪ’. ಎಡೇಹಳ್ಳಿ ಅಂತಿದ್ದ ಊರಿಗೆ 1915ರಲ್ಲಿ ಯುವರಾಜರ ಹೆಸರಿಟ್ಟು ನರಸಿಂಹರಾಜಪುರ ಮಾಡಿದರು. ಈಗ ಅದನ್ನ ಪೂರ್ತಿ ಹೇಳೋರು ಎಷ್ಟು ಜನ? ‘ಎನ್.ಆರ್.ಪುರ’ ಅಂತೀವಿ. ಅಂದರೆ ಹೆಸರಿನ ಮೊದಲರ್ಧ ಇಂಗ್ಲಿಷ್ ಅಕ್ಷರ, ಅದನ್ನೇ ಕನ್ನಡ ಲಿಪಿಯಲ್ಲಿ ಬೋರ್ಡಿಗೆ ಬರೆದಿದ್ದೀವಿ.

ಇದು ವಾಟ್ಸಾಪ್ ಕಾಲದ ತಲೆನೋವು ಅಂತ ಅಂದ್ಕೊಂಡರೆ ತಪ್ಪು. ಇದಕ್ಕೆ ನಾನೂರು ವರ್ಷ ದಾಟಿದ ಇತಿಹಾಸ ಇದೆ. ಅದರಲ್ಲಿ ಗೋವಾ ಇದೆ, ಜಪಾನ್ ಇದೆ, ನಮ್ಮ ಅಡಿಕೆ ತೋಟದ ಕೊಳೆರೋಗವೂ ಇದೆ. ಒಂದೊಂದಾಗಿ ಹೇಳ್ತೀನಿ.

ಭಾಗ 2. ಗೋವಾದಿಂದ ಜಪಾನಿಗೆ ಹೋದ ಅಚ್ಚಿನ ಯಂತ್ರ

ಭಾರತಕ್ಕೆ ಮೊದಲ ಅಚ್ಚಿನ ಯಂತ್ರ ಬಂದಿದ್ದು ಗೋವಾಕ್ಕೆ, 1556ರಲ್ಲಿ. ಪೋರ್ಚುಗೀಸರ ಕಾಲ. ಯಂತ್ರದ ಜೊತೆ ಬಂದ ಅಚ್ಚಿನ ಮೊಳೆಗಳು ರೋಮನ್ ಅಕ್ಷರದವು. ಇಲ್ಲಿನ ಭಾಷೆಗಳನ್ನ ಅಚ್ಚು ಹಾಕೋದಕ್ಕೆ ಸುಲಭದ ದಾರಿ ಅಂದರೆ ಕೈಲಿದ್ದ ಮೊಳೆಗಳನ್ನೇ ಬಳಸೋದು. ಥಾಮಸ್ ಸ್ಟೀಫನ್ಸ್ ಅನ್ನೋ ಇಂಗ್ಲಿಷ್ ಪಾದ್ರಿ ಮರಾಠಿಯ ಓವಿ ಛಂದಸ್ಸಲ್ಲಿ ಬರೆದ ‘ಕ್ರಿಸ್ತ ಪುರಾಣ’ 1616ರಲ್ಲಿ ರಾಚೋಲ್‌ನಲ್ಲಿ ಅಚ್ಚಾಯ್ತು. ಭಾಷೆ ಮರಾಠಿ, ಅಕ್ಷರ ರೋಮನ್. 1622ರಲ್ಲಿ ಅವರದೇ ಕೊಂಕಣಿ ಪುಸ್ತಕವೂ ಹಾಗೇ ಬಂತು. ಗೋವಾದಲ್ಲಿ ಇವತ್ತಿಗೂ ರೋಮಿ ಕೊಂಕಣಿ ಇದೆ. ಮಂಗಳೂರು ಕಡೆಯ ಕೊಂಕಣಿಗರು ಕನ್ನಡ ಲಿಪಿಯಲ್ಲಿ ಬರೀತಾರೆ.

ಇದೇ ಕಥೆಯ ಇನ್ನೊಂದು ಕವಲು ಜಪಾನಿಗೆ ಹೋಗುತ್ತೆ. ಅಲೆಸ್ಸಾಂದ್ರೊ ವಲಿನ್ಯಾನೊ ಅನ್ನೋ ಜೆಸ್ಯೂಟ್ ಪಾದ್ರಿ 1590ರಲ್ಲಿ ಒಂದು ಅಚ್ಚಿನ ಯಂತ್ರವನ್ನ ಜಪಾನಿಗೆ ತಲುಪಿಸಿದರು. ಅದು ಯುರೋಪಿನಿಂದ ಗೋವಾ ಹಾದುಹೋದ ಯಂತ್ರ. ಮಾರನೇ ವರ್ಷವೇ ರೋಮನ್ ಅಕ್ಷರದ ಜಪಾನಿ ಪುಸ್ತಕ ಬಂತು. 1592ರಲ್ಲಿ, ನಮಗೆ ಭಾರತದ ಕಥೆ ಹೇಗೋ ಅವರಿಗೆ ಹಾಗಿರೋ ‘ಹೆಯ್ಕೆ’ ಯುದ್ಧಕಥೆಯನ್ನ ಅಮಾಕುಸದಲ್ಲಿ ರೋಮನ್ ಅಕ್ಷರದಲ್ಲೇ ಅಚ್ಚು ಹಾಕೋ ಕೆಲಸ ಶುರುವಾಯ್ತು. ಹೊರಗಿಂದ ಬಂದ ಪಾದ್ರಿಗಳು ಭಾಷೆ ಕಲೀಲಿ ಅನ್ನೋದು ಉದ್ದೇಶ. 1603ರಲ್ಲಿ ಸುಮಾರು 32,000 ಪದಗಳ ಜಪಾನಿ-ಪೋರ್ಚುಗೀಸ್ ನಿಘಂಟು ನಾಗಸಾಕಿಯಲ್ಲಿ ಬಂತು.

ಇಲ್ಲೊಂದು ಸ್ವಾರಸ್ಯ. ಆ ಪುಸ್ತಕದಲ್ಲಿ ‘ಹೆಯ್ಕೆ’ ಅನ್ನೋದನ್ನ ಎಚ್ ಹಾಕಿ ಬರೆದಿಲ್ಲ, ಎಫ್ ಹಾಕಿ ಬರೆದಿದ್ದಾರೆ. ಯಾಕಂದರೆ ಆಗ ಜಪಾನಿಗಳು ಆ ಧ್ವನಿಯನ್ನ ‘ಫ’ದ ಹಾಗೆ ಉಚ್ಚರಿಸ್ತಿದ್ದರು. ಅದಕ್ಕೂ ಹಿಂದೆ ಅದು ‘ಪ’ ಆಗಿತ್ತು, ಆಮೇಲೆ ‘ಹ’ ಆಯ್ತು ಅಂತ ಭಾಷಾವಿಜ್ಞಾನಿಗಳು ಹೇಳ್ತಾರೆ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ‘ಪಾಲು’ ‘ಹಾಲು’ ಆಗಿದ್ದು, ‘ಪೂ’ ‘ಹೂ’ ಆಗಿದ್ದು ಇದೇ ದಾರಿಯಲ್ಲಿ. ನಮ್ಮ ಬದಲಾವಣೆಗೆ ಶಾಸನಗಳು ಸಾಕ್ಷಿ. ಅವರ ‘ಫ’ಕಾರಕ್ಕೆ ಈ ರೋಮನ್ ಪುಸ್ತಕಗಳು ಸಾಕ್ಷಿ.

ಕಿವಿಗೆ ಬಿದ್ದಿದ್ದನ್ನ ಪಾದ್ರಿಗಳು ಶಿಸ್ತಾಗಿ ಬರೆದಿಟ್ಟರು. ಅದಕ್ಕೇ ನಾನೂರು ವರ್ಷದ ಮೇಲೂ ಆ ಕಾಲದ ದನಿ ಕೇಳ್ತಿದೆ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಭಾಗ 3. ರೈಸ್ ಸಾಹೇಬರ ಟೋಪಿ ಮತ್ತು ಚುಕ್ಕೆ

ಬ್ರಿಟಿಷರು ಶುರುವಿನಲ್ಲಿ ನಮ್ಮ ಊರುಗಳನ್ನ ಬಾಯಿಗೆ ಬಂದ ಹಾಗೆ ಬರೆದರು. ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಆಯ್ತು, ಬಿದನೂರು ‘ಬೆಡ್ನೋರ್’ ಆಯ್ತು. ಇದಕ್ಕೊಂದು ಕ್ರಮ ಬೇಕು ಅಂತ ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್ ಒಬ್ಬರು. ಏಷ್ಯಾದ ಪದಗಳನ್ನ ರೋಮನ್ ಅಕ್ಷರದಲ್ಲಿ ಹೇಗೆ ಬರೀಬೇಕು ಅನ್ನೋ ಅವರ ಪ್ರಬಂಧ 1788ರಲ್ಲಿ ಅಚ್ಚಾಯ್ತು. ಎಂಬತ್ತು ಚಿಲ್ಲರೆ ವರ್ಷದ ಮೇಲೆ ಗೆಜೆಟಿಯರ್ ಖ್ಯಾತಿಯ ವಿಲಿಯಂ ಹಂಟರ್ ಒಂದು ಸರಳ ಪದ್ಧತಿ ತಂದರು. ನಕಾಶೆಗೆ, ಸರ್ಕಾರಿ ಕಡತಕ್ಕೆ ಅದೇ ಆಧಾರ ಆಯ್ತು.

ಕನ್ನಡಕ್ಕೆ ಪೂರ್ತಿ ಶಿಸ್ತಿನ ರೋಮನ್ ಬರಹ ಬಂದಿದ್ದು ವಿದ್ವಾಂಸರಿಂದ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬಂತು. ಅದರಲ್ಲಿ ಕನ್ನಡ ಪದದ ಪಕ್ಕದಲ್ಲೇ ರೋಮನ್ ರೂಪವೂ ಇದೆ.

ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’. ಆಗ ಚಿಕ್ಕಮಗಳೂರು ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಅದರ ಶಾಸನಗಳ ಆರನೇ ಸಂಪುಟ 1901ರಲ್ಲಿ ಬಂತು. ಕೊಪ್ಪ, ಶೃಂಗೇರಿ ಕಡೆಯ ಕಲ್ಲುಗಳು, ತಾಮ್ರಪಟಗಳು ಅದರಲ್ಲಿವೆ. ಒಂದೇ ಶಾಸನ ಮೂರು ಸಲ ಸಿಗುತ್ತೆ: ಕನ್ನಡ ಲಿಪಿಯಲ್ಲಿ, ರೋಮನ್ ಲಿಪಿಯಲ್ಲಿ, ಇಂಗ್ಲಿಷ್ ಅನುವಾದದಲ್ಲಿ.

ರೋಮನ್ ಭಾಗ ನೋಡಿದರೆ ಅವರ ಶಿಸ್ತು ಗೊತ್ತಾಗುತ್ತೆ. ದೀರ್ಘ ಸ್ವರ ಬಂದರೆ ಅಕ್ಷರದ ತಲೆ ಮೇಲೊಂದು ಪುಟ್ಟ ಟೋಪಿ. ಟ, ಡ, ಣ, ಳ ಬಂದರೆ ಅಕ್ಷರದ ಕೆಳಗೊಂದು ಚುಕ್ಕೆ. ಅಷ್ಟರಿಂದ, ಕನ್ನಡ ಲಿಪಿ ಓದೋಕೆ ಬಾರದ ಲಂಡನ್ನಿನ ವಿದ್ವಾಂಸನಿಗೂ ‘ಕಲ’ ಯಾವುದು, ‘ಕಾಲ’ ಯಾವುದು, ‘ಕಾಳ’ ಯಾವುದು ಅಂತ ತಿಳೀತಿತ್ತು. 2001ರಲ್ಲಿ ಬಂದ ಐಎಸ್‌ಒ 15919 ಅನ್ನೋ ಅಂತರರಾಷ್ಟ್ರೀಯ ಮಾನಕವೂ ಇದೇ ಜಾಡಿನದ್ದು: ದೀರ್ಘಕ್ಕೆ ಮೇಲೆ ಗೆರೆ, ಮೂರ್ಧನ್ಯಕ್ಕೆ ಕೆಳಗೆ ಚುಕ್ಕೆ.

ಅಂದರೆ ಕನ್ನಡವನ್ನ ರೋಮನ್ ಅಕ್ಷರದಲ್ಲಿ ಸರಿಯಾಗಿ ಬರೆಯೋಕೆ ಆಗಲ್ಲ ಅನ್ನೋದು ಸುಳ್ಳು. ಆಗುತ್ತೆ. ಚುಕ್ಕೆ ಮತ್ತು ಗೆರೆ ಹಾಕೋ ತಾಳ್ಮೆ ಬೇಕು, ಅಷ್ಟೇ.

ಭಾಗ 4. ಚುಕ್ಕೆ ಬಿಟ್ಟರೆ ಏನಾಗುತ್ತೆ? ಕೊಳೆರೋಗವನ್ನ ಕೇಳಿ

ಮಲೆನಾಡಿನವರಿಗೆ ಕೊಳೆ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಆಷಾಢದ ಮಳೆ ಬಿಡದೆ ಹೊಡೆದರೆ ಎಳೇ ಅಡಿಕೆ ಕೊಳೆತು ಉದುರುತ್ತೆ. ವರ್ಷದ ಅನ್ನ ನೆಲಕ್ಕೆ.

ಈ ಪದ ಇಂಗ್ಲಿಷಿಗೂ ಹೋಗಿದೆ, ಲ್ಯಾಟಿನ್ನಿಗೂ ಹೋಗಿದೆ! ಮೈಸೂರು ಸೀಮೆಯ ಕಾಫಿ ಗಿಡಗಳಿಗೆ ಬರ್ತಿದ್ದ ಒಂದು ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ.ಸಿ. ಕುಕ್ ಅನ್ನೋ ಶಿಲೀಂಧ್ರತಜ್ಞ 1876ರಲ್ಲಿ ‘ಪೆಲ್ಲಿಕ್ಯುಲೇರಿಯಾ ಕೊಲೆರೊಗ’ ಅಂತ ಹೆಸರಿಟ್ಟರು. ಇಲ್ಲಿನ ಕಾಫಿ ತೋಟಗಳಲ್ಲಿ ಬಳಕೆಯಲ್ಲಿದ್ದ ಕನ್ನಡ ಹೆಸರೇ ಅದಕ್ಕೆ ಮೂಲ. ಮುಂದೆ 1910ರಲ್ಲಿ ಮೈಸೂರು ಸರ್ಕಾರದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದರು. ಗೊನೆಗೆ ಬೋರ್ಡೋ ದ್ರಾವಣ ಹೊಡೆಯೋ ಪದ್ಧತಿ ಬೆಳೆದಿದ್ದು ಅವರ ಕೆಲಸದಿಂದ. ಅವರ ವರದಿಯ ಹೆಸರಲ್ಲೂ ಇದೇ ಪದ ಇದೆ.

ಆದರೆ ರೋಮನ್ ಅಕ್ಷರದಲ್ಲಿ ‘ಳ’ ಉಳೀಲಿಲ್ಲ. ಚುಕ್ಕೆ ಇಲ್ಲದ ಎಲ್ ಬಂತು. ಹಾಗಾಗಿ ಪ್ರಪಂಚದ ಸಸ್ಯರೋಗ ಪುಸ್ತಕಗಳಲ್ಲಿ ನಮ್ಮ ‘ಕೊಳೆ’ ರೋಗ ‘ಕೊಲೆ’ ರೋಗ ಆಗಿ ಕೂತಿದೆ. ತೋಟ ಕಳ್ಕೊಂಡವರಿಗೆ ಎರಡೂ ಒಂದೇ ಅನ್ಸಬಹುದು, ಅದು ಬೇರೆ ಮಾತು!

ಒಂದೇ ಒಂದು ಚುಕ್ಕೆಯ ವ್ಯತ್ಯಾಸ.

ಭಾಗ 5. ಜಪಾನಿನ ಸ್ಪೆಲಿಂಗ್ ಜಗಳ

ನಾವು ಹದಿನಾರು ಸೀತೂರಿಗೆ ತಲೆ ಕೆಡಿಸ್ಕೊಳ್ಳೋ ಹಾಗೆ ಜಪಾನಿಗಳೂ ಕೆಡಿಸ್ಕೊಂಡಿದ್ದಾರೆ, ಅದೂ ಸರ್ಕಾರದ ಮಟ್ಟದಲ್ಲಿ.

ಜೇಮ್ಸ್ ಹೆಪ್‌ಬರ್ನ್ ಅನ್ನೋ ಅಮೆರಿಕದ ಡಾಕ್ಟರು-ಮಿಷನರಿ 1867ರಲ್ಲಿ ಜಪಾನಿ-ಇಂಗ್ಲಿಷ್ ನಿಘಂಟು ತಂದರು. 1886ರ ಮೂರನೇ ಆವೃತ್ತಿಯಿಂದ ಅವರ ರೋಮನ್ ಪದ್ಧತಿ ಗಟ್ಟಿಯಾಯ್ತು. ಇಂಗ್ಲಿಷ್ ಬಲ್ಲವರ ಕಿವಿಗೆ ಹೊಂದೋ ಹಾಗಿತ್ತು ಅದು. 1885ರಲ್ಲಿ ತನಕದಾತೆ ಐಕಿತ್ಸು ಅನ್ನೋ ಭೌತವಿಜ್ಞಾನಿ ಇನ್ನೊಂದು ಪದ್ಧತಿ ಮುಂದಿಟ್ಟರು. ಅವರ ವಾದ: ಬರೆಯೋರು ಜಪಾನಿಗಳು, ಇಂಗ್ಲಿಷಿನವರ ಕಿವಿ ನಮಗೆ ಯಾಕೆ? ನಮ್ಮ ಅಕ್ಷರಮಾಲೆಯ ಸಾಲಿಗೆ ತಕ್ಕ ಹಾಗಿರಲಿ.

ಫುಜಿ ಬೆಟ್ಟ ತಗೊಳ್ಳಿ. ಹೆಪ್‌ಬರ್ನ್ ಪ್ರಕಾರ ಎಫ್‌ನಿಂದ ಶುರು. ತನಕದಾತೆ ಪ್ರಕಾರ ಎಚ್‌ನಿಂದ, ಯಾಕಂದರೆ ಆ ಅಕ್ಷರ ‘ಹ’ ಸಾಲಿನದ್ದು. 1937ರಲ್ಲಿ ಸರ್ಕಾರ ಎರಡನೇ ಪದ್ಧತಿಯನ್ನ ಸ್ವಲ್ಪ ತಿದ್ದಿ ಅಧಿಕೃತ ಮಾಡಿತು. 1945ರಲ್ಲಿ ಯುದ್ಧ ಸೋತ ಮೇಲೆ ಅಮೆರಿಕನ್ ಸೇನೆ ಬಂದು ಊರುಗಳ, ಸ್ಟೇಷನ್‌ಗಳ ಬೋರ್ಡಿಗೆ ಹೆಪ್‌ಬರ್ನ್ ಬರೀರಿ ಅಂತು. 1954ರಲ್ಲಿ ಸರ್ಕಾರ ಮತ್ತೆ ತನ್ನ ಪದ್ಧತಿಯನ್ನೇ ಎತ್ತಿ ಹಿಡೀತು. ಪರಿಣಾಮ? ಶಾಲೆಯಲ್ಲಿ ಕಲಿಯೋದು ಒಂದು, ರೈಲ್ವೆ ಬೋರ್ಡಲ್ಲಿ, ಪಾಸ್‌ಪೋರ್ಟಲ್ಲಿ ಕಾಣೋದು ಇನ್ನೊಂದು. ಕೊನೆಗೆ 2025ರಲ್ಲಿ ಅಲ್ಲಿನ ಸಂಸ್ಕೃತಿ ಮಂಡಳಿ ಹೆಪ್‌ಬರ್ನ್ ಮಾದರಿಯೇ ಇರಲಿ ಅಂತ ಶಿಫಾರಸು ಮಾಡಿತು.

ನಮ್ಮಲ್ಲೂ ಅಂಥದ್ದೇ ಜಗಳ ಸದ್ದಿಲ್ಲದೆ ನಡೀತಿದೆ. ದಕ್ಷಿಣದವರು ‘ತ’ಗೆ ಟಿ-ಎಚ್ ಬರೀತೀವಿ, ಬರೀ ಟಿ ‘ಟ’ಗೆ ಬೇಕಲ್ಲ. ಉತ್ತರದವರು ‘ತ’ಗೆ ಬರೀ ಟಿ ಹಾಕ್ತಾರೆ, ಟಿ-ಎಚ್ ಅವರಿಗೆ ‘ಥ’. ಸೀತೂರಿನ ಹದಿನಾರರಲ್ಲಿ ಎಂಟು ದಕ್ಷಿಣದ ಅಭ್ಯಾಸ, ಎಂಟು ಉತ್ತರದ್ದು.

ಭಾರತದ ಭಾಷೆಗಳಿಗೆಲ್ಲ ರೋಮನ್ ಲಿಪಿಯೇ ಇರಲಿ ಅನ್ನೋ ಮಾತೂ ಬಂದಿತ್ತು. 1938ರ ಹರಿಪುರ ಕಾಂಗ್ರೆಸ್ಸಿನ ಅಧ್ಯಕ್ಷ ಭಾಷಣದಲ್ಲಿ ಸುಭಾಷ್‌ಚಂದ್ರ ಬೋಸರೇ ಅದರ ಪರ ಮಾತಾಡಿದ್ದರು. ಭಾಷಾವಿಜ್ಞಾನಿ ಸುನೀತಿಕುಮಾರ ಚಟರ್ಜಿಯವರೂ ಪರವಾಗಿದ್ದರು. ಜನ ಒಪ್ಪಲಿಲ್ಲ. ಲಿಪಿಗಳು ಉಳಿದವು.

ಭಾಗ 6. ಕಿನ್ನಿಕಂಬಳದ ಕೀಲಿಮಣೆ

ಮುಂದಿನ ತೊಡಕು ಯಂತ್ರದ್ದು. ಇಂಗ್ಲಿಷಿಗೆ 26 ಅಕ್ಷರ, 26 ಕೀಲಿ. ಜಪಾನಿಗೆ ಸಾವಿರಾರು ಚಿತ್ರಾಕ್ಷರ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪ.

ಜಪಾನಿನ ಟೊಷಿಬಾ ಕಂಪನಿ 1978ರಲ್ಲಿ ಜೆಡಬ್ಲ್ಯು-10 ಅನ್ನೋ ಯಂತ್ರ ಘೋಷಿಸಿತು. ಮೇಜಿನಷ್ಟು ದೊಡ್ಡದು, ಬೆಲೆ 63 ಲಕ್ಷ ಯೆನ್. ಅದರ ಉಪಾಯ: ನೀವು ಉಚ್ಚಾರಣೆ ಒತ್ತಿ, ಅದಕ್ಕೆ ತಕ್ಕ ಚಿತ್ರಾಕ್ಷರ ಯಾವುದು ಅಂತ ಯಂತ್ರ ಹುಡುಕಿ ಕೊಡುತ್ತೆ. ಮುಂದೆ ಉಚ್ಚಾರಣೆಯನ್ನ ರೋಮನ್ ಕೀಲಿಗಳಲ್ಲೇ ಒತ್ತೋದು ಅಲ್ಲಿ ರೂಢಿಯಾಯ್ತು. ‘ಶಿ’ ಬೇಕಾದರೆ ಹೆಪ್‌ಬರ್ನ್ ಥರ ಮೂರು ಅಕ್ಷರ ಒತ್ತಿ, ತನಕದಾತೆ ಥರ ಎರಡು ಒತ್ತಿ, ಕಂಪ್ಯೂಟರ್ ಎರಡನ್ನೂ ಒಪ್ಪುತ್ತೆ. ಪರದೆ ಮೇಲೆ ಬರೋದು ಅವರದೇ ಲಿಪಿ. ರೋಮನ್ ಅಕ್ಷರ ಏಣಿ ಇದ್ದ ಹಾಗೆ: ಹತ್ತಿ ಆದಮೇಲೆ ಕಾಣಲ್ಲ.

ಕನ್ನಡಕ್ಕೆ ಅಂಥ ಏಣಿ ಕಟ್ಟಿಕೊಟ್ಟವರು ಮಂಗಳೂರು ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾವ್, ಎಲ್ಲರ ಬಾಯಲ್ಲಿ ಕೆ.ಪಿ. ರಾವ್. ಅಚ್ಚಕ್ಷರ ಜೋಡಣೆಯ ಮೊನೊಟೈಪ್ ಕಂಪನಿಯಲ್ಲಿ ಕೆಲಸ ಮಾಡಿದವರು. ಅದಕ್ಕೂ ಮುಂಚೆ ಕನ್ನಡ ಟೈಪ್‌ರೈಟರ್ ಇತ್ತು, ಆದರೆ ಅದನ್ನ ಬೇರೆಯಾಗೇ ಕಲೀಬೇಕು. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಅನ್ನೋ ವಿನ್ಯಾಸ 1986ರಲ್ಲಿ ಬಂತು: ಎಡಗಡೆ ಸ್ವರ, ಬಲಗಡೆ ವ್ಯಂಜನ. ಅದನ್ನೂ ಹೊಸದಾಗಿ ಕಲೀಬೇಕು.

ಕೆ.ಪಿ. ರಾವ್ ಅವರ ದಾರಿ ಬೇರೆ. ಇಂಗ್ಲಿಷ್ ಕೀಲಿಮಣೆ ಹೇಗಿದ್ಯೋ ಹಾಗೇ ಇರಲಿ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಗ-ಘ, ತ-ಥ, ದ-ಧ ಎಲ್ಲ ಹಾಗೇ. ಶಿಫ್ಟ್ ಇಲ್ಲದ ಐ ಹ್ರಸ್ವ, ಶಿಫ್ಟ್ ಹಿಡಿದರೆ ದೀರ್ಘ. ಮೂರ್ಧನ್ಯಗಳಿಗೆ, ಇಂಗ್ಲಿಷ್ ಅಕ್ಷರವಾಗಿ ಕನ್ನಡದಲ್ಲಿ ಕೆಲಸ ಇಲ್ಲದ ಕೀಲಿಗಳನ್ನ ಕೊಟ್ಟರು: ಕ್ಯೂ ಒತ್ತಿದರೆ ಟ, ಡಬ್ಲ್ಯು ಒತ್ತಿದರೆ ಡ. ಒತ್ತಕ್ಷರಕ್ಕೆ ಎಫ್ ಕೊಂಡಿ.

ಹಾಗಾಗಿ ಕೊಪ್ಪ ಅಂದರೆ ಕೆ, ಓ, ಪಿ, ಎಫ್, ಪಿ. ಸೀತೂರು ಅಂದರೆ ಎಸ್, ಶಿಫ್ಟ್-ಐ, ಟಿ, ಶಿಫ್ಟ್-ಯು, ಆರ್, ಯು. ಆರೇ ಕೀಲಿ. ಹದಿನಾರು ಸ್ಪೆಲಿಂಗ್ ಇಲ್ಲ, ಒಂದೇ.

ರೈಸ್ ಸಾಹೇಬರ ಟೋಪಿ ಮತ್ತು ಚುಕ್ಕೆ ಮಾಡ್ತಿದ್ದ ಕೆಲಸವನ್ನ ಇಲ್ಲಿ ಶಿಫ್ಟ್ ಕೀಲಿ ಮಾಡ್ತಿದೆ! ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಅಂತ ಹೆಸರಿಟ್ಟು, ದುಡ್ಡು ಕೇಳದೆ ಹಂಚಿದರು.

ಭಾಗ 7. ಹೊರಗೆ ಕನ್ನಡ, ಒಳಗೆ ಇಂಗ್ಲಿಷ್

1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವ ಕನ್ನಡ’ ಬಂತು, ಅಂತರಜಾಲದ ಮೊದಲ ಕನ್ನಡ ಪತ್ರಿಕೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ ಟೈಪ್ ಮಾಡಿದರೆ ಕನ್ನಡ ಆಗಿ ಬರ್ತಿತ್ತು. ಅಮೆರಿಕದ ಕನ್ನಡ ಮನೆಗಳಲ್ಲೂ ಇಲ್ಲಿನ ಸೈಬರ್ ಕೆಫೆಗಳಲ್ಲೂ ಅದು ಮನೆಮಾತಾಯ್ತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಬಂತು, ಕೆ.ಪಿ. ರಾವ್ ವಿನ್ಯಾಸದ ಜಾಡಲ್ಲೇ. ನಮ್ಮ ಜಿಲ್ಲೆಯವರೇ ಆಗಿದ್ದ ಮೂಡಿಗೆರೆಯ ತೇಜಸ್ವಿಯವರೂ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದರು. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಅವರ ತಂದೆಯ ಹೆಸರಲ್ಲೇ ‘ಕುವೆಂಪು’ ತಂತ್ರಾಂಶ ಬಂತು.

ಆದರೆ ಆ ಕಾಲದ ಕಡತಗಳಲ್ಲಿ ಒಂದು ಗುಟ್ಟಿತ್ತು. ಕಂಪ್ಯೂಟರಿಗೆ ಗೊತ್ತಿದ್ದಿದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ ಮಾತ್ರ. ಆ ಸಂಕೇತಗಳ ಮೇಲೆ ಕನ್ನಡ ಅಕ್ಷರದ ಚಿತ್ರ ಅಂಟಿಸಿದ್ದರು, ಅಷ್ಟೇ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹಳೇ ಸಿ.ಡಿ. ತೆರೆದಾಗ ಈ ರಾಶಿ ನೋಡಿದವರು ನಿಮ್ಮಲ್ಲೂ ಇರ್ತೀರಿ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಜಾಗ 1991ರಲ್ಲೇ ಸಿಕ್ಕಿತ್ತು. ಮಾಮೂಲಿ ಕಂಪ್ಯೂಟರಿಗೆ ಅದು ಇಳಿದಿದ್ದು 2001ರ ವಿಂಡೋಸ್ ಎಕ್ಸ್‌ಪಿ ಜೊತೆ. ಅದರ ಕನ್ನಡ ಫಾಂಟಿನ ಹೆಸರು ಗೊತ್ತಾ? ‘ತುಂಗಾ’. ಶೃಂಗೇರಿಯ ಹೊಳೆಯ ಹೆಸರು!

ಭಾಗ 8. ಮತ್ತೆ ಯಾಕೆ ಇಂಗ್ಲಿಷ್ ಅಕ್ಷರ?

ಇಷ್ಟೆಲ್ಲ ಆದಮೇಲೂ ನಮ್ಮ ಮೊಬೈಲಲ್ಲಿ ಕನ್ನಡ ಇಂಗ್ಲಿಷ್ ಅಕ್ಷರದಲ್ಲೇ ಓಡಾಡ್ತಿದೆ. ಸೋಮಾರಿತನ ಅಂತ ಬೈಯೋದು ಸುಲಭ. ಕಾರಣ ಬೇರೆ ಇದೆ.

ಎಸ್ಸೆಮ್ಮೆಸ್ ಕಾಲ ನೆನಪು ಮಾಡ್ಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಾದರೆ ಒಂದು ಮೆಸೇಜಿಗೆ 160 ಅಕ್ಷರ. ಕನ್ನಡ ಲಿಪಿಯಲ್ಲಾದರೆ 70. ಕಾಗುಣಿತದ ಗುರುತು, ಒತ್ತಿನ ಕೊಂಡಿ ಎಲ್ಲವೂ ಲೆಕ್ಕಕ್ಕೆ. ಮೆಸೇಜಿಗೆ ದುಡ್ಡು ಕೊಡೋ ಕಾಲದಲ್ಲಿ ಯಾರು ಕನ್ನಡದಲ್ಲಿ ಬರೀತಾರೆ? ಬರೆದರೂ ಆಚೆ ಕಡೆಯ ಫೋನಲ್ಲಿ ಚೌಕ ಚೌಕ ಡಬ್ಬಿ ಕಾಣ್ತಿತ್ತು. ಹತ್ತು ಹನ್ನೆರಡು ವರ್ಷ ಬೆರಳು ಹೀಗೆ ಪಳಗಿತು. ಫೋನ್ ಕನ್ನಡ ಕಲಿತು ಬರೋ ಹೊತ್ತಿಗೆ ಕೈ ಇಂಗ್ಲಿಷಿಗೆ ಒಗ್ಗಿಬಿಟ್ಟಿತ್ತು.

ಜಪಾನಿನವರಿಗೂ ನಮಗೂ ವ್ಯತ್ಯಾಸ ಇಲ್ಲೇ. ಅವರು ಏಣಿ ಹತ್ತಿ ಮನೆ ಒಳಗೆ ಹೋಗ್ತಾರೆ. ನಾವು ಏಣಿ ಮೇಲೇ ಕೂತು ಮಾತಾಡ್ತಿದ್ದೀವಿ.

ಭಾಗ 9. ಕಳೆದುಹೋಗೋದು ಏನು?

ಬಿ, ಎ, ಎಲ್, ಇ. ಇದನ್ನ ಓದಿ. ಬಲೆಯೋ, ಬಳೆಯೋ, ಬಾಲೆಯೋ, ಬಾಳೆಯೋ? ಪೇಟೆಗೆ ಹೋದವನಿಗೆ ‘ತಗೊಂಡು ಬಾ’ ಅಂತ ಮೆಸೇಜ್ ಬಂದರೆ ನಾಲ್ಕರಲ್ಲಿ ಮೂರು ಅಂಗಡಿ ಸುತ್ತಬೇಕು. ಹಾಲು, ಹಾಳು, ಹಳು ಮೂರೂ ಒಂದೇ ಥರ. ಕೊನೆ ಕುಯ್ಯೋ ದೋಟಿಯೂ ಉಡೋ ಧೋತಿಯೂ ಒಂದೇ ಥರ.

ನಮಗೆ ತೊಂದರೆ ಆಗಲ್ಲ, ಯಾಕಂದರೆ ಪದ ಮೊದಲೇ ಕಿವಿಯಲ್ಲಿದೆ. ಕಣ್ಣಿಗೆ ಬಿದ್ದ ಅರೆಬರೆ ಅಕ್ಷರವನ್ನ ಕಿವಿ ತುಂಬಿಕೊಡುತ್ತೆ. ಆದರೆ ಬೆಂಗಳೂರಲ್ಲೋ ಡಲ್ಲಾಸಲ್ಲೋ ಬೆಳೀತಿರೋ ಮಗುವಿಗೆ ‘ಹಳು’ ಅನ್ನೋ ಪದ ಕಿವಿಗೇ ಬಿದ್ದಿಲ್ಲ. ಅದಕ್ಕೆ ಅಜ್ಜಿಯ ಮೆಸೇಜಲ್ಲಿ ಬರೋದು ಹಾಲು ಅಷ್ಟೇ. ಹಳು ಅನ್ನೋ ಪದ ಅಲ್ಲಿಗೆ ಕಳೆದುಹೋಯ್ತು, ಯಾರಿಗೂ ಗೊತ್ತಾಗದ ಹಾಗೆ.

ಕಾಗದಪತ್ರದಲ್ಲಿ ಇದು ಇನ್ನೂ ಬಿಗಿ. ಭೂಮಿ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದಾಗ ಹೆಸರುಗಳು ಕನ್ನಡದಲ್ಲೇ ಬಂದವು. ಬ್ಯಾಂಕಿನ ವ್ಯವಹಾರ ಮಾತ್ರ ಇಂಗ್ಲಿಷ್ ಸ್ಪೆಲಿಂಗಿನ ಮೇಲೆ ನಡೆಯುತ್ತೆ. ಒಂದು ದಾಖಲೆಯಲ್ಲಿ ಎಚ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಪಹಣಿಯಲ್ಲಿ ಒಬ್ಬರೇ ಆಗಿರೋ ಮನುಷ್ಯ ಕಂಪ್ಯೂಟರಿಗೆ ಇಬ್ಬರು. ಅಫಿಡವಿಟ್ ಮಾಡಿಸಿ, ‘ನಾನು ನಾನೇ’ ಅಂತ ಸಾಬೀತು ಮಾಡಬೇಕು.

ಸರ್ಕಾರವೂ ಸ್ವಲ್ಪ ತಿದ್ದಿದೆ. 2014ರ ನವೆಂಬರ್ 1ರಂದು 12 ಊರುಗಳ ಇಂಗ್ಲಿಷ್ ಸ್ಪೆಲಿಂಗ್ ಬದಲಾಯ್ತು. ಚಿಕ್ಕಮಗಳೂರಿಗೆ ಕಳೆದುಹೋಗಿದ್ದ ಒತ್ತೂ ಸಿಕ್ಕಿತು, ಕೊನೆಯ ಉಕಾರವೂ ಸಿಕ್ಕಿತು. ಹಳ್ಳಿಗಳ ಸರದಿ ಇನ್ನೂ ಬಂದಿಲ್ಲ.

ಭಾಗ 10. ಕೊನೆಗೆ

ರೋಮನ್ ಅಕ್ಷರ ನಮ್ಮ ವೈರಿ ಅಲ್ಲ. ಅಮಾಕುಸದ ಪಾದ್ರಿಗಳು ಅದೇ ಅಕ್ಷರದಲ್ಲಿ ಒಂದು ಭಾಷೆಯ ಹಳೇ ದನಿ ಉಳಿಸಿದರು. ರೈಸ್ ಅದರಲ್ಲೇ ನಮ್ಮ ಕಲ್ಲುಗಳನ್ನ ಲೋಕಕ್ಕೆ ಓದಿಸಿದರು. ಕೆ.ಪಿ. ರಾವ್ ಅದೇ ಕೀಲಿಗಳಿಂದ ಕನ್ನಡ ಬರೆಸಿದರು. ಮೂವರಲ್ಲೂ ಇದ್ದಿದ್ದು ನಿಯಮ ಹಿಡಿದು ಬರೆಯೋ ಶಿಸ್ತು. ನಮ್ಮ ಮೆಸೇಜಲ್ಲಿ ಇಲ್ಲದ್ದು ಅದೊಂದೇ.

ನಿಯಮ ಕಲಿಯೋಕೆ ಬೇಜಾರಾದರೆ ಸುಲಭದ ದಾರಿ ಈಗ ಕೈಯಲ್ಲೇ ಇದೆ. ಫೋನಿನ ಕೀಬೋರ್ಡಿನಲ್ಲಿ ಕನ್ನಡ ಆರಿಸಿ, ಇಂಗ್ಲಿಷ್ ಅಕ್ಷರದಲ್ಲೇ ಒತ್ತಿ. ಅದು ಕನ್ನಡ ಮಾಡಿ ಕೊಡುತ್ತೆ. ‘ಲ’ ಬಂದ ಕಡೆ ‘ಳ’ ಬೇಕಾದರೆ ಒಂದು ಸಲ ನೋಡಿ ತಿದ್ದಿ. ಆ ಒಂದು ಸಲದ ತಿದ್ದುಪಡಿಯಲ್ಲೇ ‘ಹಳು’ ಉಳಿಯುತ್ತೆ, ‘ದೋಟಿ’ ಉಳಿಯುತ್ತೆ.

ನಿಮ್ಮ ಊರಿನ ಹೆಸರನ್ನ ಇಂಗ್ಲಿಷ್ ಅಕ್ಷರದಲ್ಲಿ ಎಷ್ಟು ಥರ ಬರೆದಿದ್ದು ನೋಡಿದ್ದೀರಿ? ಲೆಕ್ಕ ಹಾಕಿ ಕೆಳಗೆ ಹೇಳಿ. ಹೆಸರು ಮಾತ್ರ ಕನ್ನಡದಲ್ಲೇ ಬರೀರಿ, ಸರಿಯಾಗಿ ಓದ್ಕೊಳ್ಳೋಣ.

#ಸೀತೂರು #ಕೊಪ್ಪ #ಶೃಂಗೇರಿ #ಎನ್ಆರ್‌ಪುರ #ಮಲೆನಾಡು #ಕನ್ನಡಲಿಪಿ #ಊರಿನಇತಿಹಾಸ